ಕೊಡುವದೂ ತಕ್ಕೊಳ್ಳುವದೂ: ಕೌದಿಯ ವಿಷಯವಾಗಿ ಒಂದು ವಿಚಾರ

ಅಪೊಸ್ತಲನಾದ ಪೌಲನು ಎಫೆಸದ ಸಭೆಯ ಹಿರಿಯರನ್ನು ಮಿಲೇತಕ್ಕೆ ಕರಿಸಿ ಅವರಿಂದ ಬೀಳ್ಕೊಳ್ಳುವಾಗ, ತಕ್ಕೊಳ್ಳುವವನಿಗಿಂತ ಕೊಡುವವನಿಗೇ ಹೆಚ್ಚಿನ ಧನ್ಯತೆಯುಂಟೆಂದು ಕರ್ತನು ಹೇಳಿದ್ದನ್ನು ಅವರ ನೆನಪಿಗೆ ತಂದನೆಂದು ನಾವು ಓದುತ್ತೇವೆ. ಇದರ ಮೇಲೆ ಪ್ರಸಂಗಗಳನ್ನು ನಾವು ಅನೇಕ ಸಾರಿ ಕೇಳಿದ್ದೇವೆ, ನಾನೂ ಮಾಡಿದ್ದೇನೆ. ಸುಗ್ಗಿಯ ಕಾಣಿಕೆಯ ಆದಿತ್ಯವಾರಕ್ಕೆ ಇದಕ್ಕಿಂತ ಅನುಕೂಲವಾದ ವಾಕ್ಯವು ಉಪದೇಶಿಗೆ ಸಿಕ್ಕುವದು ಕಷ್ಟ. ಆದರೆ ಇದರ ಬೆನ್ನ ಹಿಂದೆ ಇನ್ನೊಂದು ಪ್ರಶ್ನೆಯು ಸುಮ್ಮನೆ ನಿಂತಿರುವದನ್ನು ನಾನು ಬಹುಕಾಲ ಕಾಣದೆ ಹೋದೆನು. ಕೊಡುವವನು ಹೆಚ್ಚು ಧನ್ಯನಾದರೆ, ಯಾವಾಗಲೂ ತಕ್ಕೊಳ್ಳುತ್ತಲೇ ಇರುವವನ ಗತಿ ಏನು? ಬಡವನು ಅನ್ನಕ್ಕೂ ಅರಿವೆಗೂ ಕೊರತೆಯುಳ್ಳವನಾಗಿರುವದು ಸಾಲದೆ ಆ ಧನ್ಯತೆಯಲ್ಲಿಯೂ ಕೊರತೆಯುಳ್ಳವನಾಗಿರಬೇಕೋ? ನಾವು ಅವನಿಗೆ ಕೊಡುತ್ತಾ ಕೊಡುತ್ತಾ, ಧನ್ಯತೆಯನ್ನು ಮಾತ್ರ ನಮ್ಮ ಪೆಟ್ಟಿಗೆಯಲ್ಲಿಯೇ ಇಟ್ಟುಕೊಳ್ಳುತ್ತೇವೋ?

ಈ ಪ್ರಶ್ನೆಯು ನಮ್ಮಂಥವರಿಗೆ ದೂರದ್ದಲ್ಲ. 1876ರಿಂದ 1878ರ ವರೆಗಿನ ದೊಡ್ಡ ಬರದಲ್ಲಿ ತಾಯಿತಂದೆಗಳನ್ನು ಕಳಕೊಂಡ ಮಕ್ಕಳು ಮಿಶನಿನ ಅನಾಥಶಾಲೆಗಳಲ್ಲಿ ಬೆಳೆದರು. ನಮ್ಮ ಸಭೆಗಳಲ್ಲಿ ಅಂಥವರ ಸಂತತಿಯವರು ಇದ್ದಾರೆ. ಅವರ ಮೊಮ್ಮಕ್ಕಳ ಮಕ್ಕಳನ್ನು ಸಹ ಊರವರು ಜಗಳ ಬಂದಾಗ "ಮಿಶನಿನ ಅನ್ನ ತಿಂದವರು" ಎಂದು ಹಂಗಿಸಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹಸಿದವನು ಅನ್ನ ತಿಂದದ್ದು ತಪ್ಪಲ್ಲ, ಕೊಟ್ಟವರದೂ ತಪ್ಪಲ್ಲ. ಆದರೆ ತಿಂದವನ ತಲೆಯು ಮೂರು ತಲೆಮಾರಿನ ವರೆಗೆ ಬಗ್ಗಿಯೇ ಇರುವದಾದರೆ, ಆ ಕೊಡುವದರಲ್ಲಿ ಏನೋ ಒಂದು ಉಳಿದುಹೋಯಿತೆಂದು ವಿಚಾರಿಸಬೇಕಾಗುತ್ತದೆ. ಹೀಗೆ ವಿಚಾರಿಸುವದನ್ನು ನನಗೆ ಕಲಿಸಿದ್ದು ಗುರುಶಾಲೆಯಲ್ಲ, ಒಂದು ಕೌದಿ.

ಕೆಲವು ವರುಷಗಳ ಕೆಳಗೆ ನಾನು ಗದಗಿನ ಕಡೆಯ ಎರೆಭೂಮಿಯ ಒಂದು ಹಳ್ಳಿಯಲ್ಲಿ ಸೇವೆಯಲ್ಲಿದ್ದೆನು. ಆ ಬಯಲಿನಲ್ಲಿ ಮಾರ್ಗಶಿರದ ಗಾಳಿ ಎಂಥದೆಂದು ಅಲ್ಲಿಯವರಿಗೆ ಹೇಳಬೇಕಾದದ್ದಿಲ್ಲ. ನಮ್ಮ ಸಭೆಯಲ್ಲಿ ಗಂಡನೂ ಮಕ್ಕಳೂ ಇಲ್ಲದ ಒಬ್ಬ ಮುದುಕಿಯು ಇದ್ದಳು. ಆಕೆಯ ಮನೆಯ ಬಾಗಿಲಿಗೆ ಒಂದು ಹಲಗೆ ಕಡಿಮೆಯಾಗಿತ್ತು. ಹೊದೆಯಲಿಕ್ಕೆ ಇದ್ದ ಕೌದಿಯು ಹರಿದು ಒಳಗಿನ ಪದರಗಳು ಹೊರಗೆ ಜೋಲುತ್ತಿದ್ದವು. ನಾನು ಬಡವರ ಪೆಟ್ಟಿಗೆಯ ಹಣದಿಂದ ಸಂತೆಯಲ್ಲಿ ಒಂದು ಹೊಸ ಕಂಬಳಿಯನ್ನು ಕೊಂಡು, ಮುಂದಿನ ಆದಿತ್ಯವಾರ ಆರಾಧನೆಯು ಮುಗಿಯುತ್ತಲೇ ಆಕೆಯನ್ನು ಹೆಸರು ಹೇಳಿ ಮುಂದಕ್ಕೆ ಕರೆದು, ಎಲ್ಲರೂ ನೋಡುತ್ತಿರುವಾಗ ಅದನ್ನು ಆಕೆಯ ಕೈಯಲ್ಲಿ ಇಟ್ಟೆನು. ಆಕೆ ಕಣ್ಣಿಗೆ ಒತ್ತಿಕೊಂಡು ನಮಸ್ಕರಿಸಿ ತನ್ನ ಸ್ಥಳಕ್ಕೆ ಹೋದಳು. ಆ ದಿನ ನನಗೆ ಬಹಳ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಮೂರು ವಾರಗಳ ಮೇಲೆ, ಬೆಳಗಿನ ಜಾವದಲ್ಲಿ ಆಕೆಗೆ ಕೆಮ್ಮು ಹೆಚ್ಚಾಗಿದೆಯೆಂದು ಕೇಳಿ ಹೋದೆನು. ಕಂಬಳಿಯು ಮಡಿಸಿದ ಮಡಿಕೆಯಲ್ಲಿಯೇ ಗೂಟದ ಮೇಲೆ ಇತ್ತು. ಆಕೆ ಆ ಹರಕು ಕೌದಿಯೊಳಗೆ ಮುದುಡಿ ಮಲಗಿದ್ದಳು. ನನಗೆ ಸಿಟ್ಟು ಬಂದು, "ಅಮ್ಮಾ, ಇದೇನು? ಕೊಟ್ಟದ್ದನ್ನು ಹೊದೆಯದೆ ಚಳಿಗೆ ಸಾಯುತ್ತೀಯಾ?" ಎಂದೆನು. ಆಕೆ ಎದ್ದು ಕುಳಿತು, "ಉಪದೇಶಿಗಳೇ, ಸಿಟ್ಟಾಗಬೇಡಿರಿ. ಎಲ್ಲರ ಮುಂದೆ ಕೊಟ್ಟಿರಿ, ಎಲ್ಲರ ಮುಂದೆ ತಕ್ಕೊಂಡೆ. ಅದನ್ನು ಹೊದ್ದುಕೊಂಡರೆ ಎಲ್ಲರೂ ನಿಂತು ನೋಡಿದ ಹಾಗೆ ಆಗುತ್ತದೆ. ನಿದ್ದೆ ಬರುವದಿಲ್ಲ" ಎಂದಳು.

ನಾನು ಈ ಮಾತನ್ನು ಮನೆಗೆ ತಂದು ನನ್ನ ಹೆಂಡತಿಗೆ ಹೇಳಿದೆನು. ಆಕೆ ಹಿರಿಯರೊಬ್ಬರ ಮನೆಯಾಕೆಗೆ ಹೇಳಿದಳು. ಬೇಸಿಗೆಯಲ್ಲಿ ಹೊಲದ ಕೆಲಸವು ತೀರಿದ ಮೇಲೆ ಸಭೆಯ ಹೆಂಗಸರು ಆ ಮುದುಕಿಗಾಗಿ ಒಂದು ಕೌದಿಯನ್ನು ಹೊಲಿಯುವದೆಂದು ನಿಶ್ಚಯಮಾಡಿ, ಮನೆಗೊಂದು ಹಳೇ ಬಟ್ಟೆಯನ್ನು ಕೂಡಿಸಲಿಕ್ಕೆ ಹೊರಟರು. ಅವರು ಎಲ್ಲಕ್ಕಿಂತ ಮೊದಲು ಹೋದದ್ದು ಆ ಮುದುಕಿಯ ಮನೆಗೆ. ನಾನು ಬೆರಗಾಗಿ, "ಇಲ್ಲದವಳ ಹತ್ತಿರ ಕೇಳುವದೇ? ಇದು ದಯೆಯೋ, ಹಾಸ್ಯವೋ?" ಎಂದು ಹಿರಿಯರ ಮನೆಯಾಕೆಯನ್ನು ಆಕ್ಷೇಪಿಸಿದೆನು. ಆಕೆ ನಕ್ಕು, "ಆಕೆಯ ಅರಿವೆ ಬೀಳದಿದ್ದರೆ ಅದು ಆಕೆಯ ಕೌದಿ ಹೇಗಾದೀತು, ಉಪದೇಶಿಗಳೇ?" ಎಂದಳು. ಮುದುಕಿಯು ಪೆಟ್ಟಿಗೆಯ ಅಡಿಯಿಂದ ತನ್ನ ಸತ್ತ ಗಂಡನ ಧೋತರವನ್ನು ತೆಗೆದುಕೊಟ್ಟಳು.

ಕೌದಿ ಹೊಲಿಯುವದನ್ನು ನೀವೆಲ್ಲರೂ ನೋಡಿದ್ದೀರಿ. ಆದರೆ ಗಂಡಸರಾದ ನಾವು ಅದನ್ನು ಹೊದ್ದಿದ್ದೇವಲ್ಲದೆ ಬಹುಶಃ ನೋಡಿಲ್ಲ. ಆದದರಿಂದ ಸ್ವಲ್ಪ ವಿವರಿಸುತ್ತೇನೆ. ಮೊದಲು ಬಟ್ಟೆಗಳನ್ನೆಲ್ಲಾ ಒಗೆದು ಬಿಸಿಲಿಗೆ ಹಾಕಿ, ಗುಂಡಿಗಳನ್ನು ಕತ್ತರಿಸಿ, ದಪ್ಪ ಹೊಲಿಗೆಗಳನ್ನು ಬಿಚ್ಚುತ್ತಾರೆ. ಇನ್ನೂ ಗಟ್ಟಿಯಾಗಿರುವ ಒಂದು ಸೀರೆಯನ್ನು ಅಂಗಳದಲ್ಲಿ ಹಾಸಿ ಮೂಲೆಗಳಿಗೆ ಕಲ್ಲಿಟ್ಟು ಬಿಗಿಮಾಡುತ್ತಾರೆ. ಅದರ ಮೇಲೆ ಹರಕು ತುಂಡುಗಳನ್ನು, ಒಂದು ಹರಿದ ಕಡೆಗೆ ಇನ್ನೊಂದರ ಗಟ್ಟಿ ಭಾಗವು ಬರುವಂತೆ ನೋಡಿ ನೋಡಿ, ಪದರ ಪದರವಾಗಿ ಹರವುತ್ತಾರೆ. ಈ ಹರವುವದರಲ್ಲಿಯೇ ಜಾಣತನವೆಲ್ಲಾ ಇರುವದು. ಇಲ್ಲಿ ಅವಸರ ಮಾಡಿದರೆ ಕೌದಿಯು ಒಂದು ಕಡೆ ಗಂಟು, ಒಂದು ಕಡೆ ಜೊಳ್ಳು ಆಗುವದು. ಕಡೆಗೆ ಬಣ್ಣದ ತುಂಡುಗಳನ್ನು ಮೇಲೆ ಜೋಡಿಸಿ, ನಾಲ್ಕು ಬದಿಗೆ ನಾಲ್ಕು ಮಂದಿ ಕುಳಿತು, ಅಂಚಿನಿಂದ ಆರಂಭಿಸಿ ಬೆರಳಗಲದ ಅಂತರದಲ್ಲಿ ಸಾಲು ಸಾಲಾಗಿ ನಡುವಿನ ಕಡೆಗೆ ಹೊಲಿಯುತ್ತಾ ಬರುತ್ತಾರೆ. ಒಬ್ಬಳ ಹೊಲಿಗೆ ಸಾಸಿವೆ ಕಾಳಿನಷ್ಟು ಸಣ್ಣ, ಇನ್ನೊಬ್ಬಳದು ಜೋಳದ ಕಾಳಿನಷ್ಟು. ಒಬ್ಬಳದು ನೆಟ್ಟಗೆ, ಒಬ್ಬಳದು ಓರೆ. ಮುದುಕಿಯೂ ಬಂದು ಕುಳಿತಳು. ಕಣ್ಣು ಕಾಣದ್ದರಿಂದ ಒಬ್ಬ ಹುಡುಗಿಯು ಆಕೆಗೆ ಸೂಜಿ ಪೋಣಿಸಿ ಕೊಡುತ್ತಿದ್ದಳು. ಆಕೆಯ ಹೊಲಿಗೆಯೇ ಎಲ್ಲರದಕ್ಕಿಂತ ನೆಟ್ಟಗಿತ್ತು. ಬೆರಳಿಗೆ ದಾರಿ ಗೊತ್ತಿತ್ತು.

ಇಲ್ಲಿ ಒಬ್ಬ ಬುದ್ಧಿವಂತನು ಕೇಳಬಹುದೇನಂದರೆ: ತಕ್ಕೊಳ್ಳುವವಳೇ ಬಟ್ಟೆಯನ್ನೂ ಕೊಟ್ಟು ಕೈಯನ್ನೂ ಹಚ್ಚಿದರೆ ಅದು ದಾನವಾಗುವದು ಹೇಗೆ? ಅದು ಒಂದು ವಿಧದ ವ್ಯಾಪಾರವಲ್ಲವೇ? ಈ ಮಾತನ್ನು ನಾನು ಬಹಳ ದಿನ ಮನಸ್ಸಿನಲ್ಲಿ ತಿರುವಿಹಾಕಿದ್ದೇನೆ. ವ್ಯಾಪಾರದಲ್ಲಿ ತಕ್ಕಡಿಯುಂಟು, ಇಷ್ಟಕ್ಕೆ ಇಷ್ಟು ಎಂಬ ಲೆಕ್ಕವುಂಟು. ಆ ಅಂಗಳದಲ್ಲಿ ಸತ್ತ ಗಂಡನ ಧೋತರಕ್ಕೂ ನಾಲ್ವರ ಹದಿನೈದು ಮಧ್ಯಾಹ್ನಗಳಿಗೂ ಯಾರು ತೂಕ ಮಾಡಿದರು? ತೂಕ ಮಾಡುವದು ಯಾರಿಗೂ ತೋಚಲೇ ಇಲ್ಲ. ಒಬ್ಬನೇ ಕೊಟ್ಟು ಇನ್ನೊಬ್ಬನು ಬರಿಗೈಯಲ್ಲಿ ನಿಂತರೇ ದಾನವೆಂದು ನಾವು ತಿಳಿಯುವದು, ನಮಗೆ ಕೊಡುವವನ ಕಡೆಯಿಂದ ಮಾತ್ರ ನೋಡುವ ಅಭ್ಯಾಸವಿರುವದರಿಂದಲೇ.

ಇನ್ನೊಂದು ಆಕ್ಷೇಪಣೆಯು ಇದಕ್ಕಿಂತ ಕಠಿಣವಾದದ್ದು, ಮತ್ತು ಅದು ಶಾಸ್ತ್ರದಿಂದಲೇ ಬರುವಂಥದ್ದು. ಕುರುಡಾದ ಮತ್ತು ಕುಂಟಾದ ಪಶುಗಳನ್ನು ಯಜ್ಞಕ್ಕೆ ತಂದವರನ್ನು ಮಲಾಕಿಯು ಗದರಿಸಿ, ಅಂಥದನ್ನು ನಿಮ್ಮ ದೇಶಾಧಿಪತಿಗೆ ಒಪ್ಪಿಸಿರಿ, ನೋಡೋಣ ಎಂಬ ಅರ್ಥದ ಮಾತನ್ನು ಹೇಳಿದನಷ್ಟೆ. ಹಾಗಾದರೆ ಹಳೇ ಚಿಂದಿಯನ್ನು ಬಡವರಿಗೆ ಕೊಡುವದು ಕುಂಟ ಕುರಿಯನ್ನು ಕೊಟ್ಟ ಹಾಗಲ್ಲವೇ? ಕೆಲವು ಸಾರಿ ಹಾಗೆಯೇ ಇರುವದು. ಆ ಬೇಸಿಗೆಯಲ್ಲಿ ಅನುಕೂಲಸ್ಥರಾದ ಒಂದು ಮನೆಯವರು ಒಂದು ಚೀಲದ ತುಂಬಾ ಬಟ್ಟೆಯನ್ನು ಕಳುಹಿಸಿ, ಆ ಸಂಗತಿಯನ್ನು ಆರಾಧನೆಯಲ್ಲಿ ಓದಿಸಬೇಕೆಂದು ಹೇಳಿಸಿದರು. ಚೀಲವನ್ನು ಬಿಚ್ಚಿದಾಗ ಅದರಲ್ಲಿದ್ದದ್ದು ಎಣ್ಣೆಯ ಜಿಡ್ಡಿನ, ಒಗೆಯದ, ಇಲಿ ಕಡಿದ ಬಟ್ಟೆ. ತಮ್ಮ ಮನೆಯ ಕಸವನ್ನು ಹೊರಗೆ ಹಾಕುವದಕ್ಕೆ ಅವರು ದಾನವೆಂಬ ಹೆಸರನ್ನು ಕೊಟ್ಟಿದ್ದರು. ಹೆಂಗಸರು ಮಾತಾಡದೆ ಆ ಚೀಲವನ್ನು ಕಟ್ಟಿ ಬದಿಗಿಟ್ಟರು. ಅವರೊಳಗೆ ಒಂದು ನಿಯಮವಿತ್ತು; ಅದನ್ನು ಯಾರೂ ಬರೆದಿರಲಿಲ್ಲ: ತನ್ನ ಹೆತ್ತ ಮಗುವಿನ ಮೈಗೆ ತಾಕಿಸಲಾರದ್ದನ್ನು ಕೌದಿಗೆ ಹಾಕಬಾರದು. ಹಳೇ ಬಟ್ಟೆಯೆಂಬದೂ ಕೆಟ್ಟ ಬಟ್ಟೆಯೆಂಬದೂ ಒಂದೇ ಅಲ್ಲ. ಧೋತರವು ಸವೆದು ಮೆತ್ತಗಾದದ್ದು ಒಬ್ಬನು ಅದನ್ನು ಉಟ್ಟು ದುಡಿದದ್ದರಿಂದ. ಚೀಲದೊಳಗಿನದು ಕೆಟ್ಟದ್ದು ಅಲಕ್ಷ್ಯದಿಂದ.

ಆ ಮನೆಯವರ ಹೆಸರನ್ನು ನಾನು ಆರಾಧನೆಯಲ್ಲಿ ಓದಲಿಲ್ಲ. ಅದಕ್ಕಾಗಿ ನನಗೆ ಕೆಲವು ತಿಂಗಳು ತೊಂದರೆಯಾಯಿತು, ಅದು ಇರಲಿ.

ಮುಚ್ಚದೆ ಹೇಳಬೇಕಾದ ಮಾತು ಇನ್ನೊಂದುಂಟು. ನಮ್ಮ ಸಭೆಗಳಿಗೆ ಜನರು ಬೇರೆ ಬೇರೆ ಕೇರಿಗಳಿಂದ ಬಂದಿದ್ದಾರೆ. ಒಂದೇ ಪಾತ್ರೆಯಿಂದ ಕರ್ತನ ಭೋಜನವನ್ನು ತಕ್ಕೊಂಡವರು ಮನೆಗೆ ಹೋದ ಮೇಲೆ ಕೇರಿಯನ್ನು ಮರೆಯುವದಿಲ್ಲವೆಂಬದು ನಿಮಗೂ ಗೊತ್ತು, ನನಗೂ ಗೊತ್ತು. ಬಟ್ಟೆಗಳು ಕೂಡಿದಾಗ ಒಬ್ಬ ಅತ್ತೆಯು ಮೆಲ್ಲಗೆ ಬಂದು, "ನಮ್ಮ ಮನೆಯ ಸೀರೆಯು ಮೇಲಿನ ಪದರದಲ್ಲಿ ಇರಲಿ, ಒಳಗೆ ಅವರಿವರ ಅರಿವೆಯ ಸಂಗಡ ಬೇಡ" ಎಂದಳು. ಹಿರಿಯರ ಮನೆಯಾಕೆಯು, "ಆಗಲಿ ಅಕ್ಕಾ, ಮೇಲೆಯೇ ಇಡುವೆ. ಆದರೆ ಸೂಜಿಯು ಮೇಲಿನದನ್ನೂ ಒಳಗಿನದನ್ನೂ ಒಂದೇ ಸಾರಿ ಚುಚ್ಚುತ್ತದಲ್ಲ" ಎಂದಳು. ಆ ಅತ್ತೆಯು ಸುಮ್ಮನೆ ಹೋದಳು; ಎರಡು ದಿನ ಬರಲಿಲ್ಲ, ಮೂರನೆಯ ದಿನ ಬಂದು ಕುಳಿತಳು. ಶಾಲೆಯ ಪುಸ್ತಕಗಳು ಹೇಳುವ ಪ್ರಕಾರ ಪದರಗಳ ನಡುವೆ ಸಿಕ್ಕಿ ನಿಂತ ಗಾಳಿಯೇ ಚಳಿಯನ್ನು ತಡೆಯುವದು. ಹಾಗಾದರೆ ಬೆಚ್ಚಗೆ ಮಾಡುವ ಕೆಲಸವೆಲ್ಲಾ ಒಳಗಿನ ಕಾಣದ ಚಿಂದಿಗಳದ್ದು. ಮೇಲಿನ ಬಣ್ಣದ ತುಂಡಿಗೆ ನೋಡಿದವರ ಹೊಗಳಿಕೆಯು ಸಿಕ್ಕಿದರೆ ಸಾಕು.

ಬಡವರನ್ನು ಕೊಡುವವರನ್ನಾಗಿ ಮಾಡುವ ಈ ವಿಚಾರವು ನಮ್ಮ ಹಳ್ಳಿಯಲ್ಲಿ ಮಾತ್ರ ಹುಟ್ಟಿದ್ದೆಂದು ತಿಳಿಯಬೇಡಿರಿ. ಇದಕ್ಕೆ ದೂರದೇಶದ ಒಂದು ದೊಡ್ಡ ದೃಷ್ಟಾಂತವುಂಟು. ಇಂಗ್ಲಂಡದಲ್ಲಿ ಎಲಿಜಬೆತ್ ಫ್ರೈ ಎಂಬ ಕ್ವೇಕರ್ ಪಂಥದ ಭಕ್ತಿವಂತ ಸ್ತ್ರೀಯು 1813ರಲ್ಲಿ ಲಂಡನಿನ ನ್ಯೂಗೇಟ್ ಸೆರೆಮನೆಗೆ ಹೋಗಿ, ಅಲ್ಲಿ ಹೆಂಗಸರೂ ಅವರ ಕೂಸುಗಳೂ ಹುಲ್ಲಿನ ಮೇಲೆ ಬಿದ್ದಿದ್ದ ದುರ್ದಶೆಯನ್ನು ಕಂಡು, ತನ್ನ ಆಯುಷ್ಯವನ್ನು ಅವರ ಸೇವೆಗೆ ಕೊಟ್ಟಳು. ಆ ಕಾಲದಲ್ಲಿ ಅಪರಾಧಿಗಳನ್ನು, ಬಹುಮಂದಿಯನ್ನು ಸಣ್ಣ ಕಳವಿಗಾಗಿಯೇ, ಹಡಗಿನಲ್ಲಿ ಹಾಕಿ ಆಸ್ಟ್ರೇಲಿಯದ ಕಡೆಗೆ ಗಡಿಪಾರು ಮಾಡುತ್ತಿದ್ದರು. ಫ್ರೈಯಮ್ಮನವರೂ ಅವರ ಜೊತೆಯ ಸ್ತ್ರೀಯರೂ ಹಾಗೆ ಹೋಗುವ ಪ್ರತಿಯೊಬ್ಬ ಹೆಂಗಸಿಗೆ ಒಂದು ಚೀಲವನ್ನು ಕೊಡುತ್ತಿದ್ದರು. ಅದರಲ್ಲಿ ಸತ್ಯವೇದದ ಜೊತೆಗೆ ಸೂಜಿ, ನೂಲು ಮತ್ತು ಎರಡು ಪೌಂಡು ತೂಕದ ಬಟ್ಟೆಯ ತುಂಡುಗಳು ಇರುತ್ತಿದ್ದವು.

1841ರ ಏಪ್ರಿಲ್ ತಿಂಗಳಲ್ಲಿ, ನಮ್ಮ ದೇಶದ ಮಾತನ್ನೇ ಹೆಸರಾಗಿ ಇಟ್ಟುಕೊಂಡಿದ್ದ "ರಾಜಾ" ಎಂಬ ಹಡಗು ಸುಮಾರು 180 ಮಂದಿ ಅಪರಾಧಿ ಹೆಂಗಸರನ್ನು ಹೊತ್ತುಕೊಂಡು ಲಂಡನಿನ ಹತ್ತಿರದ ವುಲಿಚ್ ಎಂಬಲ್ಲಿಂದ ಹೊರಟಿತು. ಈಗ ಟಾಸ್ಮೇನಿಯ ಎನ್ನಿಸಿಕೊಳ್ಳುವ ದ್ವೀಪದ ಹೋಬರ್ಟ್ ಪಟ್ಟಣವನ್ನು ಅದು ಮುಟ್ಟಿದ್ದು ಜುಲಾಯಿಯಲ್ಲಿ. ಮೂರು ತಿಂಗಳಿಗೆ ಮೀರಿದ ಆ ಪ್ರಯಾಣದಲ್ಲಿ, ಅವರ ಮೇಲ್ವಿಚಾರಣೆಗೆ ಹೋಗಿದ್ದ ಕೆಝಿಯಾ ಹೇಟರ್ ಎಂಬಾಕೆಯ ಕೈಕೆಳಗೆ, ಕೆಲವು ಹೆಂಗಸರು ಆ ತುಂಡುಗಳನ್ನು ಜೋಡಿಸಿ ಒಂದು ದೊಡ್ಡ ಕೌದಿಯಂಥ ಹೊದಿಕೆಯನ್ನು ಹೊಲಿದರು. ಅದರ ಒಂದೊಂದು ಬದಿಯು ಮೂರು ಮೀಟರಿಗಿಂತ ಹೆಚ್ಚು. ಅದರಲ್ಲಿರುವ ತುಂಡುಗಳನ್ನು ಎಣಿಸಿದವರು 2,815 ಎಂದು ಹೇಳುತ್ತಾರೆ. ಹೋಬರ್ಟಿನಲ್ಲಿ ಅದನ್ನು ಗವರ್ನರರ ಹೆಂಡತಿಯಾದ ಜೇನ್ ಫ್ರಾಂಕ್ಲಿನ್ ಎಂಬವರಿಗೆ ಒಪ್ಪಿಸಲಾಯಿತು. ಅದರ ಅಂಚಿನಲ್ಲಿ, ತಮಗೆ ಬಟ್ಟೆ ಕೊಟ್ಟ ಆ ಸ್ತ್ರೀಯರಿಗೆ ಈ ಹೊದಿಕೆಯು ತಮ್ಮ ಕೃತಜ್ಞತೆಯ ಗುರುತೆಂದೂ, ದುಡಿಮೆಯ ವಿಷಯವಾದ ಅವರ ಬುದ್ಧಿವಾದವನ್ನು ತಾವು ಮರೆತಿಲ್ಲವೆಂದೂ ದಾರದಿಂದ ಬರೆದದೆ. ಬಹುಕಾಲ ಕಣ್ಣಿಗೆ ಬೀಳದೆ ಇದ್ದು, 1987ರಲ್ಲಿ ಸ್ಕಾಟ್ಲಂಡದಲ್ಲಿ ಸಿಕ್ಕಿದ ಆ ಹೊದಿಕೆಯು 1989ರಲ್ಲಿ ಆಸ್ಟ್ರೇಲಿಯಕ್ಕೆ ತಿರುಗಿ ಹೋಗಿ, ಕ್ಯಾನ್‌ಬೆರಾದ ರಾಷ್ಟ್ರೀಯ ಚಿತ್ರಶಾಲೆಗೆ ಸೇರಿತು.

ಆ ಅಂಚಿನ ಬರಹದಲ್ಲಿ ತಲೆಯು ಸ್ವಲ್ಪ ಹೆಚ್ಚಾಗಿಯೇ ಬಗ್ಗಿದೆಯೆಂದು ನನಗೆ ತೋರುತ್ತದೆ. ಶ್ರೀಮಂತರು ಬಡವರಿಗೆ ಬಟ್ಟೆಯ ಸಂಗಡ ಬುದ್ಧಿಯನ್ನೂ ಕಟ್ಟಿ ಕೊಡುವ ರೂಢಿಯು ಆ ಕಾಲದಲ್ಲಿ ಬಲವಾಗಿತ್ತು, ಈಗಲೂ ಸತ್ತಿಲ್ಲ. ಆದರೂ ಒಂದು ಸಂಗತಿಯನ್ನು ಗಮನಿಸಿರಿ. ಫ್ರೈಯಮ್ಮನವರು ಆ ಹೆಂಗಸರಿಗೆ ಹೊಲಿದು ಮುಗಿಸಿದ ಹೊದಿಕೆಗಳನ್ನು ಕೊಡಲಿಲ್ಲ, ಮುಗಿಯದ್ದನ್ನು ಕೊಟ್ಟರು. ಮುಗಿದದ್ದನ್ನು ಕೊಟ್ಟರೆ ತಕ್ಕೊಂಡವನಿಗೆ ನಮಸ್ಕರಿಸುವದರ ಹೊರತು ಬೇರೆ ಕೆಲಸವಿಲ್ಲ. ಮುಗಿಯದ್ದನ್ನು ಕೊಟ್ಟದ್ದರಿಂದ, ದೇಶದಿಂದ ಹೊರಹಾಕಲ್ಪಟ್ಟ ಕಳ್ಳಿಯರು ಗವರ್ನರರ ಹೆಂಡತಿಯ ಮುಂದೆ ಕೊಡುವವರಾಗಿ ನಿಂತರು. ನನ್ನ ಕಂಬಳಿಯು ಮುಗಿದದ್ದಾಗಿತ್ತು.

ತಿರುಗಿ ನಮ್ಮ ನಾಡಿಗೆ ಬರೋಣ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳ ಅಂಚಿನಲ್ಲಿ ಸಿದ್ದಿಯರು ವಾಸಿಸುತ್ತಾರೆ. ಇವರ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ದಾಸರಾಗಿ ತರಲ್ಪಟ್ಟವರು. ಇವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ, ಮತ್ತು ಮೂರು ಮತದ ಹೆಂಗಸರೂ ಕವಂದಿ ಎಂಬ ಕೌದಿಯನ್ನು ಹೊಲಿಯುತ್ತಾರೆ. ಕ್ರೈಸ್ತರ ಕವಂದಿಗಳಲ್ಲಿ ಕೆಲವು ಸಾರಿ ಶಿಲುಬೆಯ ಆಕಾರದ ತುಂಡುಗಳು ಇರುತ್ತವೆ. ಹೊಲಿಗೆಯೆಲ್ಲಾ ಮುಗಿದ ಮೇಲೆ ಅವರು ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಮಡಿಸಿ ಮಡಿಸಿ ಮಾಡಿದ ಹೂವಿನಂಥದ್ದನ್ನು ಹಚ್ಚುತ್ತಾರೆ; ಅದಕ್ಕೆ ಫುಲಾ ಎಂದು ಹೆಸರು. ಅದಿಲ್ಲದ ಕವಂದಿಯು ಬೆತ್ತಲೆಯೆಂದು ಅವರ ಹೇಳಿಕೆ. ಆ ಹೂವಿನಿಂದ ಹೊದ್ದವನಿಗೆ ಒಂದು ಗುಲಗಂಜಿಯಷ್ಟಾದರೂ ಬೆಚ್ಚಗಾಗುವದಿಲ್ಲ. ಚಳಿ ಹೋದರೆ ಸಾಕು ಎನ್ನುವವನ ಲೆಕ್ಕದಲ್ಲಿ ಅದು ವ್ಯರ್ಥವಾದ ಶ್ರಮ. ಮಾನವೆಂಬದು ಆ ಲೆಕ್ಕದ ಹೊರಗೆ ಇರುವದು. ಬಡವನಿಗೆ ಕೊಡುವಾಗ ನಾವು ಮೊದಲು ಮಿಗಿಸಿಕೊಳ್ಳುವದು ಅದನ್ನೇ.

ಯಾರಾದರೂ ಹೇಳಬಹುದು: ಕೈಗೆ ಕೈ ತಾಕುವ ಹಳ್ಳಿಯಲ್ಲಿ ಇದು ಆದೀತು, ದೂರದವರಿಗೆ ಕೊಡುವಾಗ ಅವರ ಅರಿವೆಯನ್ನು ಎಲ್ಲಿಂದ ತರುವದು? ಇದು ನಿಜವೇ. 1939ರಿಂದ 1945ರ ವರೆಗಿನ ಯುದ್ಧದಲ್ಲಿ ಕೆನಡಾ ದೇಶದ ಹೆಂಗಸರು ಹೊಲಿದ ಹೊದಿಕೆಗಳನ್ನು ರೆಡ್‌ಕ್ರಾಸ್ ಸಂಘದವರು ಇಂಗ್ಲಂಡದಲ್ಲಿ ಬಾಂಬಿನಿಂದ ಮನೆ ಕಳಕೊಂಡವರಿಗೆ ಹಂಚಿದರು. ಹೊಲಿದವಳೂ ಹೊದ್ದವಳೂ ಒಬ್ಬರನ್ನೊಬ್ಬರು ನೋಡಲಿಲ್ಲ. ಮನೆ ಸುಟ್ಟವಳ ಹತ್ತಿರ ನಿನ್ನ ಪಾಲಿನ ಚಿಂದಿ ಎಲ್ಲಿ ಎಂದು ಕೇಳುವದು ಕ್ರೂರತನ. ಅಂಥಲ್ಲಿ ಸುಮ್ಮನೆ ಕೊಡಬೇಕು, ಮತ್ತು ಹೆಸರು ಓದಿಸಬಾರದು. ಆದರೆ ನಮ್ಮ ಕಣ್ಣೆದುರಿಗೆ ಇರುವವರನ್ನೂ ನಾವು ದೂರದವರನ್ನಾಗಿ ಮಾಡಿಕೊಂಡು ಕೊಡುವದಕ್ಕೆ ಇದು ನೆವವಾಗಬಾರದು. ಮಕೆದೋನ್ಯದ ಸಭೆಗಳವರು ತಾವೇ ಕಡುಬಡವರಾಗಿದ್ದರೂ ಯೆರೂಸಲೇಮಿನ ಭಕ್ತರಿಗೆ ಹೋಗುವ ಸಹಾಯದಲ್ಲಿ ತಮಗೂ ಪಾಲು ಸಿಕ್ಕಬೇಕೆಂದು ಪೌಲನನ್ನು ಬೇಡಿಕೊಂಡರು. ಬೇಡಿದ್ದು ಹಣವನ್ನಲ್ಲ, ಕೊಡುವ ಅಪ್ಪಣೆಯನ್ನು. ನಮ್ಮ ಸಭೆಗಳಲ್ಲಿ ಹಾಗೆ ಬೇಡಿಕೊಳ್ಳುವವರು ಇಲ್ಲವೆಂದಲ್ಲ. ಬೇಡಿದರೆ ನಾವು ಕನಿಕರದಿಂದ ನಕ್ಕು, "ನಿನಗೆ ಯಾಕಮ್ಮಾ, ಇರಲಿ ಬಿಡು" ಎನ್ನುತ್ತೇವೆ.

ಆ ಮುದುಕಿಯು ಕೌದಿಯನ್ನು ಮೊದಲನೆಯ ರಾತ್ರಿಯಿಂದಲೇ ಹೊದ್ದುಕೊಂಡಳು. ಮುಂದಿನ ಸುಗ್ಗಿ ಹಬ್ಬದಲ್ಲಿ ಎಲ್ಲರೂ ಜೋಳ, ಕಡಲೆ, ಕೋಳಿಗಳನ್ನು ತಂದಾಗ ಆಕೆ ನಾನು ಕೊಟ್ಟ ಕಂಬಳಿಯನ್ನು ಅದೇ ಮಡಿಕೆಯಲ್ಲಿ ತಂದು ಕಾಣಿಕೆಯ ಮೇಜಿನ ಮೇಲೆ ಇಟ್ಟಳು. ಸಭೆಯ ದಾನವನ್ನು ಸಭೆಯ ಮುಖಕ್ಕೆ ಹೊಡೆದಳೆಂದು ಕೆಲವರು ಅಂದರು. ಒಂದು ನಿಮಿಷ ನನಗೂ ಹಾಗೆಯೇ ಅನ್ನಿಸಿತು. ಆಮೇಲೆ ಆಕೆಯ ಮುಖವನ್ನು ನೋಡಿದೆನು. ಹಿಂದಿನ ವರುಷ ನನ್ನ ಮುಖವು ಹೇಗಿತ್ತೋ ಆ ದಿನ ಆಕೆಯದು ಹಾಗಿತ್ತು. ಕಂಬಳಿಯು ಹರಾಜಿನಲ್ಲಿ ಒಳ್ಳೇ ಬೆಲೆಗೆ ಹೋಯಿತು.

ಆಕೆ ತೀರಿಕೊಂಡು ಈಗ ಎರಡು ವರುಷ. ಸತ್ತವರ ಹಾಸಿಗೆಯನ್ನು ಊರಾಚೆ ಎಸೆಯುವ ರೂಢಿಯು ಆ ಕಡೆ ಉಂಟಾದರೂ ಹೆಂಗಸರು ಆ ಕೌದಿಯನ್ನು ಎಸೆಯಲಿಲ್ಲ; ಕೆರೆಯಲ್ಲಿ ಒಗೆದು ಒಣಗಿಸಿ, ಇನ್ನೊಂದು ಹೊಸ ಕೌದಿಗೆ ಒಳಪದರವಾಗಿ ಇಟ್ಟರು. ಆ ವರುಷ ಮಳೆಗೆ ನಮ್ಮ ಮನೆಯ ಹಿಂದಿನ ಗೋಡೆಯು ಬಿದ್ದು ಹಾಸಿಗೆಗಳು ಮಣ್ಣು ಪಾಲಾಗಿದ್ದವು. ಒಂದು ದಿನ ಹಿರಿಯರ ಮನೆಯಾಕೆಯು ಇಬ್ಬರನ್ನು ಕರಕೊಂಡು ನಮ್ಮ ಬಾಗಿಲಿಗೆ ಬಂದು, ಒಂದು ಬಟ್ಟೆ ಬೇಕೆಂದು ಕೇಳಿದಳು. ಕೌದಿಯು ಯಾರಿಗೆಂದು ನನಗೆ ಆಗ ತಿಳಿಯಿತು. ನಾನು ನಾಚಿಕೊಂಡು ಒಳಗೆ ಹೋಗಿ ಪೆಟ್ಟಿಗೆಯಿಂದ ಒಂದು ಹೊಸ ಧೋತರವನ್ನು ತಂದು ಮುಂದೆ ಇಟ್ಟೆನು. ಆಕೆ ಅದನ್ನು ಬೆರಳಿನಿಂದ ತಿಕ್ಕಿ ನೋಡಿ, "ಇದು ಬೇಡ ಉಪದೇಶಿಗಳೇ, ಗಂಜಿ ಇನ್ನೂ ಹೋಗಿಲ್ಲ, ಸೂಜಿ ಇಳಿಯುವದಿಲ್ಲ. ಮೈಮೇಲೆ ಹಾಕಿಕೊಂಡದ್ದೇನಾದರೂ ಇದ್ದರೆ ಕೊಡಿರಿ" ಎಂದಳು. ನನ್ನ ಹೆಂಡತಿಯು ಗೂಟದ ಮೇಲಿದ್ದ ನನ್ನ ಹಳೇ ಅಂಗಿಯನ್ನು ತೆಗೆದು, ಗುಂಡಿಗಳನ್ನು ಕತ್ತರಿಸಿ ಇಟ್ಟುಕೊಂಡು, ಅದನ್ನು ಅವರ ಕೈಗೆ ಕೊಟ್ಟಳು.